ದಾರದ ಗಿರಣಿಯ ಸಭೆಗೆ ಹೋಗುತ್ತಿದ್ದ ಮಾವಶಿ

ಇವತ್ತು ಬೆಳಿಗ್ಗೆ ರವಿಕೆಯ ಹುಕ್ಕೊಂದು ಕಿತ್ತು ಕೈಗೆ ಬಂತು. ಕಪಾಟಿನ ಮೇಲಿನ ಹೊಲಿಗೆ ಡಬ್ಬಿ ಇಳಿಸಿ ತಡಕಾಡಿದಾಗ ತಳದಲ್ಲಿ ಒಂದು ಕಟ್ಟಿಗೆಯ ರೀಲು ಸಿಕ್ಕಿತು. ನೀಲಿ ದಾರ. ಮೇಲೆ ಅಂಟಿಸಿದ್ದ ಚೀಟಿಯ ಬಣ್ಣ ಹಾರಿಹೋಗಿ ಗಿರಣಿಯ ಚಿಮಣಿಯ ಚಿತ್ರವಷ್ಟೇ ಉಳಿದಿತ್ತು. ಮೂಗಿನ ಹತ್ತಿರ ಹಿಡಿದೆ. ಗಂಜಿಯ ವಾಸನೆ, ಅದರೊಳಗೆ ಸ್ವಲ್ಪ ಯಂತ್ರದ ಎಣ್ಣೆ... ಸೂಜಿಗೆ ಪೋಣಿಸಿ ಎಳೆದರೆ ಪಟ್ಟನೆ ಹರಿಯಿತು. ಮತ್ತೆ ಪೋಣಿಸಿದೆ, ಮತ್ತೆ ಹರಿಯಿತು. ಹಾಳಾದ ದಾರ ಎಂದು ಬೈದೆ. ಬೈದ ಮೇಲೆ ಅದನ್ನು ಕೊಟ್ಟವರ ಮುಖ ನೆನಪಾಯಿತು.

ಅದಕ್ಕೂ ಸ್ವಲ್ಪ ಮೊದಲು ಬೆಳಗಾವಿಯಿಂದ ಫೋನ್ ಬಂದಿತ್ತು. ಬ್ಯಾಂಕಿನ ಕೆಲಸದಿಂದ ನಿವೃತ್ತಳಾದ ಮೇಲೆ ನಾನು ಚಿಕ್ಕೋಡಿಯಲ್ಲಿ ಒಬ್ಬಳೇ ಇರುತ್ತೇನೆ. ಉಳಿಸಿಟ್ಟಿದ್ದನ್ನು ಇಂಡೆಕ್ಸ್ ಫಂಡಿಗೆ ಹಾಕಬೇಕೆಂದು ಬೆಳಗಾವಿಯ ಹೂಡಿಕೆ ಆಫೀಸಿನ ಹುಡುಗಿಯೊಬ್ಬಳಿಗೆ ಹೇಳಿದ್ದೆ. ಜಗತ್ತಿನ ದೇಶ ದೇಶಗಳ ಕಂಪನಿಗಳಲ್ಲಿ ನಮ್ಮದೊಂದು ಚೂರು ಪಾಲು ಇಡುವ ಫಂಡು ಅದು. "ಮೇಡಂ, ಬರೇ ದೊಡ್ಡ ಕಂಪನಿ ಸಾಕೇನ್ರಿ, ಇಲ್ಲಾ ಸಣ್ಣ ಸಣ್ಣ ಕಂಪನಿನೂ ಸೇರಿಸೂಣೇನ್ರಿ?" ಎಂದು ಕೇಳಿದಳು. ವಿಚಾರ ಮಾಡಿ ಹೇಳುತ್ತೇನೆಂದು ಫೋನ್ ಇಟ್ಟಿದ್ದೆ. ವಿಚಾರ ಮಾಡುವ ಮೊದಲೇ ಈ ರೀಲು ಕೈಗೆ ಬಂತು ನೋಡಿ.

ಎಂಬತ್ತರ ದಶಕದ ನಡುವಿನ ಮಾತು. ಬ್ಯಾಂಕಿನ ನೌಕರಿ ಸಿಕ್ಕು ಮೊದಲ ಸಲ ಮನೆ ಬಿಟ್ಟು ನಿಪ್ಪಾಣಿಗೆ ಬಂದಿದ್ದೆ. ಊರಿಗೆ ಊರೇ ತಂಬಾಕಿನ ವಾಸನೆ. ಬಸ್ಸಿಳಿದ ಕೂಡಲೇ ಶುರುವಾದ ಸೀನು ಎಂಟು ದಿನ ಬಿಡಲಿಲ್ಲ. ಜೈನರ ಓಣಿಯಲ್ಲಿ ಒಂದು ಉದ್ದನೆಯ ಮನೆಯ ಮಾಳಿಗೆಯ ಮೇಲೆ ಬಾಡಿಗೆಗೆ ಒಂದು ಖೋಲಿ ಹಿಡಿದೆ. ಮನೆಯ ಮುಂಭಾಗ ತಂಬಾಕಿನ ಗೋದಾಮು, ಅದನ್ನು ನಡೆಸುವವನು ಮನೆಯೊಡತಿಯ ಮೈದುನನ ಮಗ. ಹಿಂದಿನ ಎರಡು ಖೋಲಿಯಲ್ಲಿ ಆಕೆ ಒಬ್ಬರೇ. ಗಂಡ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಓಣಿಯವರೆಲ್ಲ ಆಕೆಯನ್ನು ಮಾವಶಿ ಎನ್ನುತ್ತಿದ್ದರು. ಅಲ್ಲೆಲ್ಲ ಚಿಕ್ಕಮ್ಮನನ್ನು ಹಾಗೆ ಕರೆಯುವುದು ರೂಢಿ, ನಾನೂ ಹಾಗೆಯೇ ಕರೆದೆ.

ಜೈನರ ಪದ್ಧತಿಯಂತೆ ಹೊತ್ತು ಮುಳುಗುವುದರೊಳಗೆ ಮಾವಶಿಯ ಊಟ ಮುಗಿಯಬೇಕು. ಮುಗಿದರೆ ಮುಗಿಯಿತು, ಆಮೇಲೆ ಒಲೆ ಹಚ್ಚುವುದಿಲ್ಲ, ಪಾತ್ರೆಯ ಸದ್ದಿಲ್ಲ. ಊರಲ್ಲಿ ಉಳಿದ ಮನೆಗಳಲ್ಲಿ ರೊಟ್ಟಿ ತಟ್ಟುವ ಸಪ್ಪಳ ಶುರುವಾಗುವ ಹೊತ್ತಿಗೆ ಈ ಮನೆ ಮಲಗಿಬಿಟ್ಟಂತೆ. ನನಗೋ ಸಂಜೆಯಾದರೆ ಊರ ನೆನಪು. ಕೆಳಗೆ ಆಕೆ ಕಂದೀಲಿನ ಪಕ್ಕ ಸುಮ್ಮನೆ ಕೂತಿರುವುದು ಮೆಟ್ಟಿಲಿನಿಂದ ಕಾಣುತ್ತಿತ್ತು. ಲೈಟ್ ಇತ್ತು, ಆದರೆ ಹಚ್ಚಿದರೆ ಹುಳ ಬಂದು ಸಾಯುತ್ತವೆ ಎಂದು ಹಚ್ಚುತ್ತಿರಲಿಲ್ಲ. ಕಂದೀಲಿನ ಗಾಜಿನ ಸುತ್ತ ಒಂದು ತೆಳ್ಳನೆಯ ಬಟ್ಟೆ ಬೇರೆ ಮುಚ್ಚಿರುತ್ತಿದ್ದರು. ಒಂದು ಸಂಜೆ ತಡೆಯದೆ ಇಳಿದುಹೋಗಿ ಎದುರಿಗೆ ಕೂತೆ. ಮಣೆ ಸರಿಸಿಕೊಟ್ಟರು.

"ನಿನಗ ಇಂಗ್ಲಿಷ್ ಬರತೈತೇನವಾ?" ಎಂದು ಕೇಳಿ ಒಳಗಿನಿಂದ ಒಂದು ರಾಶಿ ಲಕೋಟೆ ತಂದು ಮುಂದಿಟ್ಟರು. ಎಲ್ಲ ಕಂಪನಿಗಳಿಂದ ಬಂದವು. ಅಯ್ಯೋ ಶಿವನೇ, ನನಗೆ ನಗೆ ಬಂತು. ಬ್ಯಾಂಕಿನಲ್ಲಿ ದಿನವಿಡೀ ಇಂಥ ಕಾಗದ ನೋಡಿ ಕಣ್ಣು ಕೆಟ್ಟಿದ್ದವು, ಮನೆಗೆ ಬಂದರೂ ಅದೇ!

ಆಕೆಯ ಶೇರುಗಳ ಕಥೆ ಹೀಗೆ. ಗಂಡ ಇದ್ದುದನ್ನೆಲ್ಲ ತಂಬಾಕಿಗೇ ಹಾಕಿದ್ದರಂತೆ. ಒಂದು ವರ್ಷ ಅಕಾಲದ ಮಳೆಗೆ ಗೋದಾಮು ಸೋರಿ ಮಾಲೆಲ್ಲ ಬೂಸು ಹಿಡಿಯಿತು. ಆ ಚಿಂತೆಯಲ್ಲೇ ಹಾಸಿಗೆ ಹಿಡಿದು ಹೋದರು. ಮಾವಶಿಯ ತವರು ಅಥಣಿ ಕಡೆಯ ಅನಂತಪುರ. ತವರಿನಿಂದ ಅವರ ಪಾಲಿಗೆ ಬಂದದ್ದನ್ನು ಮನೆಯವರು ಮತ್ತೆ ತಂಬಾಕಿಗೇ ಹಾಕು ಎಂದಾಗ ಬಿಲ್‌ಕುಲ್ ಒಪ್ಪಲಿಲ್ಲ. ಕೊಲ್ಲಾಪುರದ ಶೇರು ದಲಾಲರ ಮುಂದೆ ಹೋಗಿ ಕೂತು, ಎಲ್ಲಾದರಲ್ಲೂ ಸ್ವಲ್ಪ ಸ್ವಲ್ಪ ಕೊಡಿ ಎಂದರಂತೆ. ಅಂಗಡಿಯಲ್ಲಿ ಮಸಾಲೆ ಸಾಮಾನು ಕೇಳಿದ ಹಾಗೆ! ಹೀಗಾಗಿ ಆಕೆಯ ಹತ್ತಿರ ಹಡಗಿನ ಕಂಪನಿ ಇತ್ತು, ಕಬ್ಬಿಣದ್ದಿತ್ತು, ಇಂಗ್ಲಂಡಿನವರು ಶುರುಮಾಡಿದ ಮೈ ತೊಳೆಯುವ ಸಾಬಾಣದ್ದಿತ್ತು, ಸ್ವಿಟ್ಜರ್ಲೆಂಡಿನವರ ಔಷಧದ್ದಿತ್ತು. ಜೊತೆಗೆ ಯಾರೂ ಹೆಸರು ಕೇಳಿರದ ಸಣ್ಣ ಸಣ್ಣವು: ಸೈಕಲ್ ಚೈನು, ನೀರೆತ್ತುವ ಪಂಪು, ಚಹದ ಪಿಂಗಾಣಿ ಕಪ್ಪು ಬಸಿ, ಕಾಗದ. ಮತ್ತು ಕೊಲ್ಲಾಪುರದ ಹಾದಿಯಲ್ಲಿದ್ದ ಒಂದು ಹೊಲಿಗೆ ದಾರದ ಗಿರಣಿ. ಚರ್ಮದ್ದು, ಹೆಂಡದ್ದು, ಹುಳ ಕೊಲ್ಲುವ ಔಷಧದ್ದು ಮಾತ್ರ ಬೇಡ ಎಂದಿದ್ದರು.

ಈ ಸಣ್ಣವು ಯಾಕೆ ಮಾವಶಿ ಎಂದು ಕೇಳಿದ್ದಕ್ಕೆ ತವರಿನ ಹೊಲ ತೋರಿಸಿದಂತೆ ಕೈ ಚಾಚಿದರು. "ನಮ್ಮ ಕಡೆ ಜ್ವಾಳಾ ಬಿತ್ತುವಾಗ ನಡುನಡುವ ಕುಸುಬಿ, ಅಗಸಿ, ಕಡ್ಲಿ ಒಂದೊಂದು ಸಾಲು ಹಾಕ್ತಾರ. ಅಕ್ಕಡಿ ಅಂತಾರ. ಹೊಲ ಅಂದಮ್ಯಾಲೆ ಅಕ್ಕಡಿ ಬ್ಯಾಡೇನ?" ಅವರ ಲೆಕ್ಕದಲ್ಲಿ ಹಡಗು, ಕಬ್ಬಿಣ, ಸಾಬಾಣ ಎಲ್ಲ ಜೋಳ. ದಾರದ ಗಿರಣಿ ಅಕ್ಕಡಿ ಸಾಲು. ಬ್ಯಾಂಕಿನವಳಾದ ನನಗೆ ಅದು ಸರಿಯೋ ತಪ್ಪೋ ಗೊತ್ತಿರಲಿಲ್ಲ, ಆದರೆ ಕೇಳಲು ಚೆನ್ನಾಗಿತ್ತು.

ಟಪಾಲಿನವನು ಬರುವ ಹೊತ್ತಿಗೆ ಮಾವಶಿ ಬಾಗಿಲಲ್ಲಿರುತ್ತಿದ್ದರು. ಕಾಗದ ಬಂದ ದಿನ ಸಂಜೆ ನನ್ನ ಮೆಟ್ಟಿಲ ಬುಡದಲ್ಲಿ ಕೆಮ್ಮು ಕೇಳಿಸುತ್ತಿತ್ತು, ಇಳಿದು ಬಾ ಎಂದು ಅರ್ಥ. ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಸ್ವಿಟ್ಜರ್ಲೆಂಡ್ ಎಲ್ಲಿದೆ, ಅಲ್ಲಿಯವರು ಹೊತ್ತು ಮುಳುಗುವ ಮುಂಚೆ ಉಣ್ಣುತ್ತಾರೋ ಇಲ್ಲವೋ, ಪಂಪಿನ ಕಂಪನಿಗೆ ಈ ಸಲ ಯಾಕೆ ಲುಕ್ಸಾನು, ಎಲ್ಲ ಬೇಕು ಅವರಿಗೆ. ಪಿಂಗಾಣಿ ಕಂಪನಿ ಮುಚ್ಚಿತೆಂದು ಕಾಗದ ಬಂದಾಗ ಮರುದಿನದ ಊಟ ಬಿಟ್ಟರು. ಹತ್ತಿರದವರು ಹೋದರೆ ಮಾಡುವ ಹಾಗೆ! ಸೈಕಲ್ ಚೈನಿನವರು ಮಾತ್ರ ಹೇಳದೆ ಕೇಳದೆ ಕಾಗದ ಬರೆಯುವುದನ್ನೇ ನಿಲ್ಲಿಸಿಬಿಟ್ಟರು. "ಒಂದು ಮಾತು ಹೇಳಿ ಹೋಗಬಾರದೇನ?" ಎಂದು ಬಹಳ ದಿನ ನೊಂದುಕೊಂಡರು.

ಭಾದ್ರಪದ ಬಂದರೆ ದಾರದ ಗಿರಣಿಯ ವರ್ಷದ ಸಭೆ. ದೊಡ್ಡ ಕಂಪನಿಗಳ ಸಭೆ ಮುಂಬೈಯಲ್ಲಿ, ಅಲ್ಲಿಗೆ ಯಾರು ಹೋಗಬೇಕು? ಇದು ಬಸ್ಸಿನಲ್ಲಿ ಹೋಗಿ ಹೊತ್ತಿರುವಾಗಲೇ ತಿರುಗಿ ಬರುವಷ್ಟು ಹತ್ತಿರ. ಮಾವಶಿ ಮೊದಲ ಸಲ ಹೋದಾಗ ಜಡಿಮಳೆಯಂತೆ. ಗಿರಣಿಯ ಮಾಲಕರ ಮನೆಯವರೇ ನಾಲ್ಕು ಮಂದಿ ಕೂತು ಬಾಗಿಲು ನೋಡುತ್ತಿದ್ದರು. ಈಕೆ ಕಾಲಿಟ್ಟ ಕೂಡಲೇ ಗುಮಾಸ್ತ, "ಬಂದ್ರೇನ್ರಿ ಮಾವಶಿ! ಐದು ಮಂದಿ ಆತು. ಇಲ್ಲಾಂದ್ರ ಸಭಾನಽ ಆಗ್ತಿರಲಿಲ್ರಿ" ಎಂದನಂತೆ. ಐದು ಜನ ಶೇರುದಾರರು ಖುದ್ದಾಗಿ ಬರಲೇಬೇಕೆಂಬುದು ಕಾಯ್ದೆಯ ಮಾತು. ಮಾವಶಿ ಅದನ್ನು ಎದೆಗೆ ಹಚ್ಚಿಕೊಂಡುಬಿಟ್ಟರು. ಮುಂದಿನ ವರ್ಷಗಳಲ್ಲಿ ದಾರದ ರೀಲು, ಫರಾಳದ ತಿಂಡಿಯ ಪೊಟ್ಟಣ ಕೊಡುತ್ತಾರೆಂದು ಇಪ್ಪತ್ತು ಮೂವತ್ತು ಜನ ಬರತೊಡಗಿದರೂ ತಾನು ಹೋಗದಿದ್ದರೆ ಸಭೆ ನಿಲ್ಲುತ್ತದೆ ಎಂಬ ನಂಬಿಕೆ ಅವರಿಗೆ ಹೋಗಲಿಲ್ಲ. ನಾನೂ ತಿದ್ದಲು ಹೋಗಲಿಲ್ಲ.

ಒಂದು ವರ್ಷ ರಜೆ ಹಾಕಿ ಜೊತೆಗೆ ಹೋದೆ. ಗಿರಣಿಯ ಹಿಂದೆ ತಗಡಿನ ಮೇಲ್ಛಾವಣಿಯ ದೊಡ್ಡ ಹಾಲ್. ಮುಟ್ಟಿದರೆ ಕೈಗೆ ಹತ್ತಿಯ ಧೂಳು. ಮಡಚುವ ಖುರ್ಚಿಗಳು. ಮಾಲಕರು ಮರಾಠಿ ಮಾತಾಡುವ ವಯಸ್ಸಾದ ಮನುಷ್ಯ, ಟೊಪ್ಪಿಗೆ, ದಪ್ಪ ಕನ್ನಡಕ. ಆ ವರ್ಷ ಡಿವಿಡೆಂಡ್ ಇಲ್ಲವೆಂದು ಹೇಳಿ ಮುಗಿಸಿದರು. ಹಿಂದಿನ ಸಾಲಿನಲ್ಲಿ ಒಬ್ಬ ಜಗಳಕ್ಕೆ ಬಂದವನಂತೆ ಗುರುಗುಟ್ಟುತ್ತಿದ್ದ. "ಯಾರರ ಮಾತಾಡೂರು ಇದ್ರ ಮಾತಾಡ್ರಿ" ಎಂದರು ಮಾಲಕರು. ಅವನು ಏಳುವ ಮೊದಲೇ ಮಾವಶಿ ಎದ್ದರು. ಸೆರಗು ಸರಿಮಾಡಿಕೊಂಡು ಎರಡೂ ಕೈ ಜೋಡಿಸಿದರು.

"ವರ್ಸದಾಗ ತಿಳದೋ ತಿಳೀದೋ ನನ್ನ ಕಡಿಂದ ಏನರ ತಪ್ಪಾಗಿದ್ರ, ಯಾರ ಮನಸಿಗರ ನೋವಾಗಿದ್ರ, ಎಲ್ಲಾರೂ ನನ್ನ ಕ್ಷಮಾ ಮಾಡ್ರಿ."

ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಜೈನರ ಮನೆಗಳಲ್ಲಿ ಭಾದ್ರಪದದ ಪರ್ವ ಮುಗಿದ ಮೇಲೆ ಒಬ್ಬರಿಗೊಬ್ಬರು ಹೀಗೆ ಕ್ಷಮೆ ಕೇಳುವುದುಂಟು. ಹೋದ ವಾರವಷ್ಟೇ ಮೆಟ್ಟಿಲು ಹತ್ತಿ ಬಂದು ನನ್ನ ಮುಂದೂ ಕೈ ಜೋಡಿಸಿದ್ದರು. ಆದರೆ ಕಂಪನಿಯ ಸಭೆಯಲ್ಲಿ? ಡಿವಿಡೆಂಡ್ ಕೊಡದ ಮಾಲಕರಿಗೆ ಶೇರುದಾರಳು ಕ್ಷಮೆ ಕೇಳುವುದೇ? ಯಾರೋ ಕಿಸಕ್ಕೆಂದರು. ಮಾಲಕರು ಮಾತ್ರ ನಗಲಿಲ್ಲ. ಖುರ್ಚಿ ಹಿಂದೆ ಸರಿಸಿ ಎದ್ದು ನಿಂತು ತಾವೂ ಕೈ ಜೋಡಿಸಿದರು. ಅವರ ಕನ್ನಡ ಅಷ್ಟಕ್ಕಷ್ಟೇ. "ಮಾವಶಿ, ಕ್ಷಮಾ ನಾವು ಕೇಳಬೇಕ್ರಿ. ಹತ್ತಿ ತುಟ್ಟಿ ಆತು, ನಿಮಗ ಏನೂ ಕೊಡಾಕ ಆಗ್ಲಿಲ್ಲ" ಎಂದರು. ಪಕ್ಕದಲ್ಲಿದ್ದ ಅವರ ಮಗನೂ ಎದ್ದ, ಗುಮಾಸ್ತನೂ ಎದ್ದ. ಜಗಳಕ್ಕೆ ಬಂದವನು ಸುತ್ತ ನೋಡಿ ಕೈ ಎಲ್ಲಿಡಬೇಕೆಂದು ತಿಳಿಯದೆ ಅವನೂ ಜೋಡಿಸಿದ. ಪ್ರತಿ ವರ್ಷ ಹೀಗೇ ಎಂದು ಗೇಟಿನ ವಾಚಮನ್ ಆಮೇಲೆ ಹೇಳಿದ. ಮಾವಶಿ ಎದ್ದರೆ ಸಭೆ ಮುಗಿಯಿತೆಂದು ಅವನು ಚಹದ ಪಾತ್ರೆ ಒಲೆಯಿಂದ ಇಳಿಸುತ್ತಿದ್ದನಂತೆ.

ಹೊರಗಿನದನ್ನು ಬಾಯಿಗಿಡದ ಮಾವಶಿ ಫರಾಳದ ಪೊಟ್ಟಣವನ್ನು ಬಸ್ಸಿನಲ್ಲಿ ನನ್ನ ಮಡಿಲಿಗೆ ಹಾಕಿದರು. ಚಿವಡಾ, ಪೇಢೆ. ನಾನು ತಿನ್ನುವುದನ್ನು ನೋಡುತ್ತ, "ಚಂದ ಐತೇನ? ಏನೇನ ಹಾಕ್ಯಾರ ಹೇಳು" ಎಂದರು. ದಾರದ ರೀಲುಗಳನ್ನು ಎಣಿಸಿ ಎಣಿಸಿ ಓಣಿಯ ಮನೆಮನೆಗೆ ಹಂಚಿ, ನೀಲಿಯದೊಂದನ್ನು ನನ್ನ ಕೈಗಿಟ್ಟರು. ಆ ನಾಲ್ಕು ದಿನ ಅವರ ಮನೆಯಲ್ಲಿ ಸಂಜೆಯೂ ಮಾತು ಕೇಳಿಸುತ್ತಿತ್ತು. ಆಮೇಲೆ ಮತ್ತೆ ಅದೇ ಕಂದೀಲು, ಅದೇ ಗೋಡೆ...

ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಶೇರುಪೇಟೆಗೆ ಹುಚ್ಚು ಹಿಡಿಯಿತು. ಚಹದಂಗಡಿಯಲ್ಲೂ ಅದೇ ಮಾತು. ಮೈದುನನ ಮಗ ಕೆಟ್ಟವನೇನಲ್ಲ, ದೊಡ್ಡಪ್ಪ ಚಿಕ್ಕಪ್ಪನ ಹೆಂಡತಿಗೆ ಹೇಳುವಂತೆ ಕಾಕು ಎಂದು ಕರೆದು ಕಾಯಿಪಲ್ಲೆ ತಂದುಕೊಡುತ್ತಿದ್ದ. ಆದರೆ ಅವನ ತಲೆಗೂ ಅದು ಏರಿತು. ಒಂದು ದಿನ ನನ್ನನ್ನೂ ಕೂಡಿಸಿಕೊಂಡು ಪಂಚಾಯಿತಿ ಶುರುಮಾಡಿದ. "ಕಾಕು, ಆ ಕಸಾ ಎಲ್ಲಾ ಮಾರಿ ಒಂದಽ ಸಿಮೆಂಟ್ ಕಂಪನಿಗೆ ಹಾಕೂಣು. ದಾರದ ಗಿರಣಿ ಇಟ್ಕೊಂಡು ಏನ ಮಾಡ್ತಿ? ಇವತ್ತಿಲ್ಲಾ ನಾಳಿ ಮುಚ್ತೈತಿ. ಬ್ಯಾಂಕಿನ ಬಾಯಾರ, ನೀವರ ಹೇಳ್ರಿ." ಅವನ ಮಾತಿನಲ್ಲಿ ತಪ್ಪು ಹುಡುಕುವಷ್ಟು ನನಗೂ ತಿಳಿಯುತ್ತಿರಲಿಲ್ಲ. ಹಡಗು, ಕಬ್ಬಿಣ ಬೇಕಾದರೆ ಮಾರು ಎಂದರು ಮಾವಶಿ. ಸಣ್ಣವನ್ನು ಮುಟ್ಟಬೇಡ ಎಂದರು. ಅವನಿಗೆ ಸಿಟ್ಟು ಬಂತು. ಎಲ್ಲರೂ ಸಣ್ಣದು ಮಾರಿ ದೊಡ್ಡದು ಇಟ್ಟುಕೊಂಡರೆ ಇವಳದು ಉಲ್ಟಾ ಎಂದು ಗೊಣಗುತ್ತ ಚಪ್ಪಲಿ ಮೆಟ್ಟಿಕೊಂಡು ಹೋದ.

ಅವನು ಹೋದ ಮೇಲೆ ಮಾವಶಿ ಲಕೋಟೆಗಳನ್ನು ಒಟ್ಟುಗೂಡಿಸಿದರು. ಹೊಲದ ಮಾತು ಹೇಳುತ್ತಾರೆಂದು ಕಾದೆ. ಹೇಳಲಿಲ್ಲ.

"ದೊಡ್ಡವರು ರೊಕ್ಕಾ ಕಳಸ್ತಾರವಾ, ಇಲ್ಲನ್ನೂದಿಲ್ಲ. ಈ ಗಿರಣ್ಯಾರು ನನ್ನ ದಾರೀ ನೋಡ್ತಾರ. ಈ ಊರಾಗ ನನ್ನ ದಾರೀ ನೋಡಾವರು ಮತ್ಯಾರು ಅದಾರ ಹೇಳು."

ನಾನಿದ್ದೇನಲ್ಲ ಎನ್ನಬಹುದಿತ್ತು. ಆದರೆ ರಾಯಬಾಗಕ್ಕೆ ನನ್ನ ವರ್ಗದ ಆರ್ಡರು ಆ ವಾರವೇ ಬಂದಿತ್ತು, ಅದು ಅವರಿಗೂ ಗೊತ್ತಿತ್ತು.

ಸಿಮೆಂಟಿನ ಶೇರು ಎಷ್ಟು ಬೇಗ ಏರಿತ್ತೋ ಅಷ್ಟೇ ಬೇಗ ಬಿತ್ತು. ಅಷ್ಟಕ್ಕೆ ಮಾವಶಿಯೇ ಗೆದ್ದರು ಎಂದು ಹೇಳಲಾರೆ. ಅವರ ಸಣ್ಣವೂ ಒಂದೊಂದಾಗಿ ಹೋದವು. ಕಾಗದದ ಕಂಪನಿ ಮುಳುಗಿತು, ಪಂಪಿನವರು ಹೆಸರಿಗಷ್ಟೇ ಉಳಿದರು. ಗಿರಣಿಯ ಹಳೆಯ ಮಾಲಕರು ತೀರಿಹೋದರು. ಒಂದೆರಡು ವರ್ಷದಲ್ಲಿ ಮಗ ಗಿರಣಿಯನ್ನು ಮುಂಬೈಯ ಒಂದು ಭಾರೀ ಕಂಪನಿಯಲ್ಲಿ ಕೂಡಿಸಿಬಿಟ್ಟ. ಮಾವಶಿಯ ಶೇರಿಗೆ ಬದಲಾಗಿ ಆ ದೊಡ್ಡ ಕಂಪನಿಯ ಶೇರು ಬಂದವು. ಬೆಲೆಯಲ್ಲಿ ಬಹಳ ಹೆಚ್ಚಿನವು. ಮೈದುನನ ಮಗ ಬಸದಿಗೆ ಹೋಗಿ ಬಂದು ಓಣಿಗೆಲ್ಲ ಪೇಢೆ ಹಂಚಿದನಂತೆ.

ಆ ಭಾದ್ರಪದದಲ್ಲಿ ನಾನು ರಾಯಬಾಗದಿಂದ ಅವರನ್ನು ನೋಡಲು ಹೋಗಿದ್ದೆ. ಸೊರಗಿದ್ದರು. "ನಾಳಿ ಗಿರಣಿಗಿ ಹೋಗೂದೈತಿ, ಬರ್ತಿಯೇನ?" ಎಂದರು. ಸಭೆ ಇನ್ನು ಮುಂಬೈಯಲ್ಲಿ, ಇಲ್ಲಿ ಇರುವುದಿಲ್ಲ ಎಂದು ನಿಧಾನವಾಗಿ ಹೇಳಿದೆ. "ಗೊತ್ತೈತಿ. ಬಾ" ಎಂದರು. ಮರುದಿನ ಇಬ್ಬರೂ ಬಸ್ಸು ಹತ್ತಿದೆವು.

ಗೇಟಿನ ಮೇಲೆ ಹೊಸ ಬೋರ್ಡು. ವಾಚಮನ್ ಮಾತ್ರ ಹಳೆಯವನೇ. ಆಕೆಯನ್ನು ಕಂಡು ಸ್ಟೂಲಿನಿಂದ ದಡಕ್ಕನೆ ಎದ್ದ. "ಮಾವಶಿ... ಈಗ ಮೀಟಿಂಗ್ ಇಲ್ಲಿ ಇರೂದಿಲ್ರಿ. ನಿಮಗ ಯಾರೂ ಹೇಳ್ಲಿಲ್ಲೇನ್ರಿ?" ಸಭೆಯ ಹಾಲ್ ಒಂದು ಸಲ ತೆಗೆದು ತೋರಿಸು ಎಂದು ಮಾವಶಿ ಕೇಳಿದರು. ಅತ್ತಿತ್ತ ನೋಡಿ ಕೀಲಿ ತೆಗೆದ. ಒಳಗೆ ಖುರ್ಚಿಗಳನ್ನು ಒಂದರ ಮೇಲೊಂದು ಒಟ್ಟಿದ್ದರು. ಮಾಲಕರು ಕೂಡುತ್ತಿದ್ದಲ್ಲಿ ಎಣ್ಣೆಯ ಪೀಪಾಯಿಗಳು. ಹತ್ತಿಯ ಧೂಳಿನ ವಾಸನೆ ಹಾಗೇ ಇತ್ತು.

ಮಾವಶಿ ತಾವು ಯಾವಾಗಲೂ ನಿಲ್ಲುತ್ತಿದ್ದ ಜಾಗಕ್ಕೆ ಹೋಗಿ ನಿಂತರು. ಸೆರಗು ಸರಿಮಾಡಿಕೊಂಡರು. ಕೈ ಜೋಡಿಸಲು ಎತ್ತಿದರು. ನಾನೂ ಕೈ ಜೋಡಿಸಲು ಸಿದ್ಧಳಾಗಿ ನಿಂತೆ, ವಾಚಮನ್ ತಲೆಯ ಮೇಲಿನ ಟೊಪ್ಪಿಗೆ ತೆಗೆದ. ಅವರು ನನ್ನನ್ನು ನೋಡಿದರು, ಅವನನ್ನು ನೋಡಿದರು, ಒಟ್ಟಿದ ಖುರ್ಚಿಗಳನ್ನು ನೋಡಿದರು. ಎತ್ತಿದ ಕೈಯನ್ನು ಹಾಗೆಯೇ ಇಳಿಸಿದರು.

"ಮೂರಽ ಮಂದಿ ಅದೀವಿ" ಎಂದರು. "ಸಭಾ ಆಗೂದಿಲ್ಲ. ನಡಿ, ಹೋಗೂಣು."

ತಿರುಗಿ ಬರುವ ಬಸ್ಸು ತಡವಾಗಿ ಸಿಕ್ಕಿತು. ಬಿಸಿಲು ಇಳಿಯುತ್ತಿತ್ತು. ಮನೆ ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿತು. ಬೆಳಿಗ್ಗೆ ಮಾಡಿಟ್ಟ ರೊಟ್ಟಿ ಹಾಗೇ ಉಳಿಯಿತು. ನಾನೂ ಉಣ್ಣದೆ ಅವರ ಪಕ್ಕದಲ್ಲಿ ಮಲಗಿದೆ. ಏಳುವ ಮುಂಚೆ ಬೆಳಗಿನ ಜಾವ ಅವರು ನನ್ನ ತಲೆ ನೇವರಿಸಿದ್ದು ನೆನಪಿದೆ, ಅಥವಾ ಅದು ಕನಸೋ...

ಆಮೇಲೆ ನನಗೆ ಅಥಣಿಗೆ ವರ್ಗವಾಯಿತು. ಅವರು ಹೋದ ಸುದ್ದಿ ತಡವಾಗಿ ಸಿಕ್ಕಿತು. ಚಿಕ್ಕೋಡಿಯ ಬಸ್‌ಸ್ಟ್ಯಾಂಡಿನಲ್ಲಿ ಮೈದುನನ ಮಗ ಎದುರಾಗಿ, "ಕಾಕು ಹೋಗಿ ವರ್ಸ ಮ್ಯಾಲಾತ್ರಿ ಬಾಯಾರ" ಎಂದ. ಅಲ್ಲಿಯೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಅವನೂ ಪಕ್ಕ ಕೂತು ಕಣ್ಣೊರೆಸಿಕೊಂಡ. ಮುಂಬೈಯ ಆ ಕಂಪನಿಯವರಿಂದ ಈಗಲೂ ಬಣ್ಣದ ಪುಸ್ತಕ ಕಾಕುವಿನ ಹೆಸರಿಗೇ ಬರುತ್ತದೆ, ತೀರಿಹೋಗಿದ್ದಾರೆಂದು ಎಷ್ಟು ಸಲ ಬರೆದರೂ ತಿಳಿಯುವುದಿಲ್ಲ ಎಂದ. ಹಳೆಯ ಗಿರಣಿಯಾಗಿದ್ದರೆ ಅವರು ಬಾರದ ಮೊದಲ ಭಾದ್ರಪದವೇ ವಾಚಮನ್ ಚಹ ಇಳಿಸದೆ ಬಾಗಿಲು ನೋಡುತ್ತ ನಿಂತಿರುತ್ತಿದ್ದ ಎಂದುಕೊಂಡೆ.

ಮಧ್ಯಾಹ್ನ ಬೆಳಗಾವಿಯ ಹುಡುಗಿಗೆ ನಾನೇ ಫೋನ್ ಮಾಡಿದೆ. ಸಣ್ಣವನ್ನೂ ಸೇರಿಸು ಎಂದೆ. ಛಲೋ ಆತ್ರಿ ಮೇಡಂ ಎಂದು ಏನೇನೋ ಒತ್ತಿದ ಸಪ್ಪಳ ಕೇಳಿಸಿತು. ಅಷ್ಟಕ್ಕೇ ಕೆಲಸ ಮುಗಿದಿತ್ತು. ಯಾವ್ಯಾವ ದೇಶದ ಯಾವ್ಯಾವ ಊರಿನ ಹಾದಿಯಲ್ಲಿರುವ ಗಿರಣಿಗಳೋ, ಅವುಗಳಲ್ಲಿ ನನ್ನದೊಂದು ಎಳೆ ಪಾಲು ಸೇರಿಹೋಯಿತು. ಅವುಗಳ ಹೆಸರು ನನಗೆ ಗೊತ್ತಿಲ್ಲ, ನನ್ನ ಹೆಸರು ಅವಕ್ಕೆ ಗೊತ್ತಾಗುವುದಿಲ್ಲ.

"ಮತ್ತೇನರ ಹೇಳೂದೈತೇನ್ರಿ ಮೇಡಂ?"

ಯಾವಾಗ ಎದ್ದು ನಿಂತೆನೋ ತಿಳಿಯಲಿಲ್ಲ. ಸೆರಗಿಗೆ ಕೈ ಹೋಗಿತ್ತು. "ಇವರು ಯಾರಾದರೂ ಸಭೆಗೆ ಕರೀತಾರೇನವಾ?" ಎಂದು ಕೇಳಿದೆ. ಆಕೆ ನಕ್ಕಳು. "ಅಯ್ಯ, ಇಲ್ರಿ ಮೇಡಂ. ಸಭಾ ಗಿಭಾ ಅಂತ ನಿಮಗ ಏನೂ ತ್ರಾಸ ಇರೂದಿಲ್ಲ. ನೀವು ಎಲ್ಲೂ ಹೋಗೂದಽ ಬ್ಯಾಡ."

ಒಳ್ಳೆಯದವ್ವಾ ಎಂದೆ. ಫೋನ್ ಇಟ್ಟ ಮೇಲೂ ಸ್ವಲ್ಪ ಹೊತ್ತು ನಿಂತೇ ಇದ್ದೆ. ಮುಂದೆ ಖಾಲಿ ಖುರ್ಚಿ, ಮೇಜಿನ ಮೇಲೆ ನೀಲಿ ರೀಲು. ಇದೂ ಭಾದ್ರಪದವೇ. ಮೆಟ್ಟಿಲು ಹತ್ತಿ ಬಂದು ಕೈ ಜೋಡಿಸುವವರು ಈಗ ಯಾರೂ ಇಲ್ಲ... ದಾರವನ್ನು ಎರಡೆಳೆ ಮಾಡಿ ಸೂಜಿಗೆ ಪೋಣಿಸಿದೆ. ಈ ಸಲ ಹರಿಯಲಿಲ್ಲ. ಹುಕ್ಕು ಹಚ್ಚಿ, ಹಲ್ಲಿನಿಂದ ದಾರ ಕಡಿದು, ರೀಲನ್ನು ಡಬ್ಬಿಯಲ್ಲಿಟ್ಟು ಮುಚ್ಚಿದೆ. ಹೊತ್ತು ಮುಳುಗಲು ಇನ್ನೂ ವೇಳೆಯಿತ್ತು. ಆದರೂ ಒಲೆ ಹಚ್ಚಿ ಒಬ್ಬಳಿಗೇ ಅಡಿಗೆ ಮಾಡಿ, ಮಾವಶಿಯ ಹಾಗೆ ಬೆಳಕಿರುವಾಗಲೇ ಉಂಡುಬಿಟ್ಟೆ.